ಕಿವಿಗಡ

ನೆರೆತ್ವಾ ಹೊಳೆಯ ಸೇತುವೆ ದಾಟಿ ಬಂತು ಹಾಯ್ರಿಯಾಳ ಗಾಲ್ಫ್,
ಇಪ್ಪತ್ತೆರಡು ವರ್ಷದ ಡೀಸೆಲ್ಲು, ಎಡಬಾಗಿಲು ಬೇರೆ ಬಣ್ಣದ್ದು.
"ಒಳಗೆ ಹಕ್ಕಿ ಹೊಕ್ಕಿದೆ," ಅಂದಳು.
"ಚಳಿಗೆ ಕೂಗುತ್ತೆ, ಬಿಸಿಯಾದಮೇಲೆ ಸುಮ್ಮನಾಗುತ್ತೆ,
ಲೈಟು ಹಾಕಿದರೆ ಮತ್ತೆ ಶುರು."

ಬಾನೆಟ್ ಎತ್ತಿ ಬಾಗಿದೆ. ನನಗೇನೂ ಕೇಳಲಿಲ್ಲ.
ಎಂಜಿನ್ನಿನ ದಪ್ಪ ದನಿ ಕೇಳುತ್ತದೆ, ಗಾರೆ ಕಲಸುವ ಯಂತ್ರದ ಹಾಗೆ.
ಸಣ್ಣ ದನಿಗಳು ನನ್ನನ್ನು ಬಿಟ್ಟುಹೋಗಿ ಬಹಳ ಕಾಲವಾಯಿತು:
ಮಿಡತೆ, ಕಾಫಿ ಉಕ್ಕುವ ಮುಂಚಿನ ಸುಯ್ಯಿ, ಫೋನಿನ ಗಂಟೆ.
ಕೇಳಿದವರಿಗೆ ತಗಡು ಬಡಿದೂ ಬಡಿದೂ ಹೀಗಾಯ್ತು ಅನ್ನುತ್ತೇನೆ.
ಕೋನ್ಯಿತ್ಸ್‌ನಲ್ಲಿ ನನ್ನ ವಯಸ್ಸಿನವರು ಮರುಪ್ರಶ್ನೆ ಹಾಕುವುದಿಲ್ಲ.

ಹಿಂದಿನ ಸೀಟಿನಿಂದ ಇಳಿದಳು ಮೊಮ್ಮಗಳು ಎನಿಸಾ,
ಹನ್ನೆರಡು ವರ್ಷ, ಕೈಯಲ್ಲಿ ಅರ್ಧ ತಿಂದ ಬುರೆಕ್.
"ಬಾ ಇಲ್ಲಿ. ಕೈಗಡ ಕೊಡ್ತಾರಲ್ಲ, ಹಾಗೆ
ಒಂದಿಷ್ಟು ಕಿವಿಗಡ ಕೊಡು."
ಬೆಲ್ಟಿನ ಗೀರುಗಳ ಮೇಲೆ ನೀರು ಚಿಮುಕಿಸಿದೆ.
"ಈಗ?"
"ಜೋರಾಯ್ತು."
ಜೋರಾಯ್ತು ಅಂದರೆ ಜಾರುತ್ತಿದೆ,
ಜಾರುತ್ತಿದೆ ಅಂದರೆ ಒತ್ತಿ ಹಿಡಿಯುವ ಕೈ ಸೋತಿದೆ.

ಟಾರ್ಚು ಬಿಟ್ಟು ತೋರಿಸಿದೆ ಆ ಕೈಯನ್ನು:
ಹೊಟ್ಟೆಯಲ್ಲಿ ಸ್ಪ್ರಿಂಗು, ಒಂದು ತೋಳು, ತುದಿಗೊಂದು ರಾಟೆ.
ನೆಟ್ಟಗೆ ನಿಲ್ಲಬೇಕಾದದ್ದು ಗಡಗಡ ನಡುಗುತ್ತಿತ್ತು,
ಪಿಂಚಣಿಗೆ ಸಹಿ ಹಾಕುವ ಮುದುಕನ ಮಣಿಕಟ್ಟು.
ಡೀಸೆಲ್ಲು ಹದವಾಗಿ ತಿರುಗುವ ಪ್ರಾಣಿಯಲ್ಲ,
ಸಿಡಿತಕ್ಕೊಮ್ಮೆ ಎಳೆಯುತ್ತೆ, ಸಿಡಿತಕ್ಕೊಮ್ಮೆ ಬಿಡುತ್ತೆ.
ಆಲ್ಟರ್ನೇಟರಿಗೆ ಅದು ತಿಳಿಯಬಾರದು, ಸ್ಟೀರಿಂಗಿನ ಪಂಪಿಗೂ.
ಅತ್ತೆ ಸೊಸೆ ಇಬ್ಬರ ನಡುವೆ ಕೂತ ಗಂಡಸಿನಂತೆ
ಎರಡೂ ಕಡೆಯ ಮಾತು ನುಂಗುತ್ತದೆ, ನುಂಗುತ್ತದೆ,
ಒಂದು ಬೆಳಗ್ಗೆ ನುಂಗಲಾರದು.

"ಬರೀ ಬೆಲ್ಟು ಬದಲಿಸಿದರೆ ಸಾಲದೇ?"
ಹೋದ ಚಳಿಗಾಲ ಯಾರೋ ಅದನ್ನೇ ಮಾಡಿ
ನಲವತ್ತು ಮಾರ್ಕು ಇಸಕೊಂಡಿದ್ದರು.
ಯಾರೋ ಅಲ್ಲ. ನಾನೇ.
ಆಗಲೂ ನನಗೆ ಕೇಳಿಸಿರಲಿಲ್ಲ. ಕೇಳಿಸಿತು ಅಂದಿದ್ದೆ.

ಬಿಚ್ಚುವ ಮೊದಲು ಬೆಲ್ಟಿನ ದಾರಿಯನ್ನು
ಬುರೆಕ್ ಸುತ್ತಿದ ಕಾಗದದ ಮೇಲೆ ಎನಿಸಾ ಬರೆದಿಟ್ಟಳು,
ಜಿಡ್ಡಿನ ಕಲೆಗಳನ್ನು ಬಳಸಿಕೊಂಡು.
ಸ್ಪ್ಯಾನರು ಹಾಕಿ ತೋಳನ್ನು ಮೈಯೆಲ್ಲ ಭಾರ ಬಿಟ್ಟು ತಿರುವಿದೆ.
ತೂತಿಗೆ ತೂತು ಕೂಡಿದಾಗ ಮೊಳೆ ತೂರಿಸಿದಳು,
ಅದಕ್ಕೆಂದೇ ಇದ್ದ ಪಿನ್ನು ಎಂದೋ ಕಳೆದುಹೋಗಿದೆ.
ಮೂರು ಬೋಲ್ಟು. ಹಳೆಯದು ಅಂಗೈಗೆ ಬಂತು.
ರಾಟೆ ತಿರುಗಿಸಿದೆ: ಜಿಡ್ಡಾರಿದ ಬೇರಿಂಗು,
ಡಬ್ಬಿಯಲ್ಲಿ ಒಣ ಕಡಲೆ ಅಲ್ಲಾಡಿಸಿದ ಹಾಗೆ.
ಇದು ನನಗೆ ಬೆರಳಲ್ಲಿ ಕೇಳಿಸಿತು.

ಹೊಸದು ಮೊಸ್ತಾರಿನಿಂದ ಮಧ್ಯಾಹ್ನದ ಬಸ್ಸಿಗೆ ಬರಬೇಕು.
ಅಲ್ಲಿಯವರೆಗೆ ಟೈರಿನ ಮೇಲೆ ಕೂತು ಕಾಫಿ.
ಹಾಯ್ರಿಯಾ ಮೂವತ್ತೊಂದು ವರ್ಷ ಸೂಲಗಿತ್ತಿ.
"ಮರದ ಕೊಳವೆ ಹೊಟ್ಟೆಗಿಟ್ಟು ಆಲಿಸುತ್ತಿದ್ದೆ," ಅಂದಳು,
"ಕೇಳದಿದ್ದರೆ ಇನ್ನೊಬ್ಬಳನ್ನು ಕೂಗುತ್ತಿದ್ದೆ.
ಕೇಳಿತು ಅಂತ ಮಾತ್ರ ಅಂದವಳಲ್ಲ."
ನನ್ನ ಕಡೆ ನೋಡಲಿಲ್ಲ. ಸಕ್ಕರೆ ತುಂಡನ್ನು
ಕಾಫಿಗೆ ಅದ್ದಿ ಅದರ ತುದಿ ಕಚ್ಚಿದಳು.

ಕಾಗದ ನೋಡಿ ನೋಡಿ ಬೆಲ್ಟು ಹಾಯಿಸಿದೆವು.
ಮೊಳೆ ಎಳೆದೆ. ತೋಳು ಮೆಲ್ಲಗೆ ಬಂದು ಒರಗಿತು.
ಎಂಜಿನ್ನು, ಲೈಟು, ಫ್ಯಾನು, ಸ್ಟೀರಿಂಗು ಈ ಕೊನೆಗೆ, ಆ ಕೊನೆಗೆ.
ಎನಿಸಾ ತಲೆ ವಾಲಿಸಿ ಬಹಳ ಹೊತ್ತು ನಿಂತಳು.
"ಏನೂ ಇಲ್ಲ."
ನನಗೂ ಏನೂ ಇಲ್ಲ.
ಅವಳದೂ ನನ್ನದೂ ಒಂದೇ ಅಲ್ಲ.

ಬಿಲ್ಲಿನಲ್ಲಿ ನಲವತ್ತು ಕಳೆದು ಬರೆದೆ.
ಹಾಯ್ರಿಯಾ ಓದಿದಳು, ಮಡಿಸಿದಳು, ಏನೂ ಅನ್ನಲಿಲ್ಲ.
ಎನಿಸಾ ಆ ಮೊಳೆ ಬೇಕು ಅಂದಳು.
ಒರೆಸಿ ಕೊಟ್ಟೆ.